ಅಟ್ಟದ ಉಣ್ಣೆ

"ಕಣ್ಣಿಗೆ ಕಂಡಿದ್ದನ್ನ ಮಾತ್ರ ಬರೀಬಹುದು ಮೇಡಂ. ಕಾಣ್ದೇ ಇದ್ರೆ ಅದು ಇಲ್ಲ ಅಂತಲೇ ಅರ್ಥ," ಎಂದ ಇಮ್ತಿಯಾಜ್, ಅಟ್ಟದ ಬಾಗಿಲಿಗೆ ಜೋತುಬಿದ್ದಿದ್ದ ಬೀಗಕ್ಕೆ ಗರಗಸ ಹಚ್ಚುತ್ತ.

ಏವ್ರಿಲ್ ಏಣಿ ಹಿಡಿದು ಕೆಳಗೆ ನಿಂತಿದ್ದಳು, ಕೋಟು ತೊಟ್ಟೇ. ಈ ಮನೆಯೊಳಗೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅವಳು ಕೋಟು ತೆಗೆದದ್ದು ಕಡಿಮೆ.

ಮಾರಾಟಕ್ಕಿಟ್ಟ ಮನೆಗೆ ಇಂಧನ ದರ್ಜೆಯ ಪತ್ರ ಬೇಕು. ಬಿಸಿ ಹಿಡಿದಿಟ್ಟುಕೊಳ್ಳುವ ಮನೆಗೆ ಎ, ಸೋರಿಬಿಡುವ ಮನೆಗೆ ಜಿ. ಹತ್ತು ದಿನಗಳ ಹಿಂದೆ ಇಮ್ತಿಯಾಜ್ ತಪಾಸಣೆ ಮಾಡಿ ಹೋದಾಗ ಅವಳ ಮನೆಗೆ ಸಿಕ್ಕದ್ದು ಎಫ್. ಕೊಳ್ಳಲು ಒಪ್ಪಿದ್ದ ದಂಪತಿಗೆ ಬರುವ ತಿಂಗಳು ಕೂಸು ಹುಟ್ಟಲಿದೆ. ಡಿಗಿಂತ ಕೆಳಗಿದ್ದರೆ ಬೇಡ, ಶುಕ್ರವಾರದೊಳಗೆ ತಿಳಿಸಿ ಎಂದಿದ್ದರು. ಸ್ಕಾರ್ಬರೋದಲ್ಲಿ, ಅವಳ ಅಕ್ಕ ಇರುವ ಬೀದಿಯಲ್ಲೇ, ಎರಡು ಕೋಣೆಯ ಮನೆಯೊಂದನ್ನು ಅದರ ಮಾಲೀಕರು ಶುಕ್ರವಾರದ ತನಕ ಮಾತ್ರ ಏವ್ರಿಲ್‌ಗಾಗಿ ಕಾಯ್ದಿರಿಸಿದ್ದರು. ಇವತ್ತು ಬುಧವಾರ.

'ಅಟ್ಟದಲ್ಲಿ ಉಣ್ಣೆ: ಇಲ್ಲ ಎಂದು ಊಹೆ.' ಪತ್ರದ ಆ ಸಾಲನ್ನು ಅವಳು ಅಡುಗೆಮನೆಯಲ್ಲಿ ಕೂತು ಮತ್ತೆ ಮತ್ತೆ ಓದಿದ್ದಳು. ಊಹೆ! ಇಪ್ಪತ್ತೆರಡು ಚಳಿಗಾಲ ಅವಳ ಗಂಡ ಡೆಸ್ಮಂಡ್ ಶನಿವಾರ ಮಧ್ಯಾಹ್ನವಾದರೆ ಬಿಸಿ ಸೋರದಂತೆ ಹಾಸುವ ಗಾಜಿನ ಉಣ್ಣೆಯ ಸುರುಳಿ ಹೊತ್ತು ಅಟ್ಟ ಹತ್ತುತ್ತಿದ್ದ. ಗಾಳಿ ಕೆಳಗಿಳಿಯುತ್ತದೆಂದು ಏಣಿಯನ್ನು ಮೇಲಕ್ಕೆಳೆದುಕೊಂಡು ಬಾಗಿಲು ಮುಚ್ಚುತ್ತಿದ್ದ. ಸ್ವಲ್ಪ ಹೊತ್ತು ಸುತ್ತಿಗೆಯ ಸದ್ದು. ಆಮೇಲೆ ಏನೂ ಇಲ್ಲ. ಉಣ್ಣೆ ಹಾಸುವಾಗ ಸದ್ದಾಗುವುದಿಲ್ಲವಲ್ಲ. ಕತ್ತಲಾಗುವ ಹೊತ್ತಿಗೆ ಕೆನ್ನೆ ಕೆಂಪಾಗಿಸಿಕೊಂಡು ಇಳಿಯುತ್ತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ.

"ಇಷ್ಟು ಸಣ್ಣ ಅಟ್ಟಕ್ಕೆ ಎಷ್ಟೂಂತ ಹಾಸ್ತೀರಿ?" ಎಂದು ಒಮ್ಮೆ ಕೇಳಿದ್ದಳು.

"ಹಳೇದು ಕುಸೀತಾ ಹೋಗುತ್ತೆ ಕಣೇ, ಮೇಲೆ ಹಾಸ್ತಾನೇ ಇರ್ಬೇಕು. ನೀನು ಮಾತ್ರ ಹತ್ಬೇಡ. ಆ ಪುಡಿ ನಿನ್ನ ಎದೆಗೆ ಆಗಲ್ಲ." ಬೀಗ ಬಂದದ್ದು ಆಮೇಲೆ; ಅದರ ಕೀಲಿ ಅವಳಿಗೆಂದೂ ಸಿಗಲಿಲ್ಲ.

ಆದರೂ ಮನೆ ಬೆಚ್ಚಗಾಗಲಿಲ್ಲ. ಒಂದಕ್ಕೊಂದು ಅಂಟಿದ ಸಾಲಿನ ಕೊನೆಯ ಮನೆ, ಗೋಡೆಗೆ ನೇರವಾಗಿ ಗಾಳಿ ಬಡಿಯುತ್ತದೆ ಎನ್ನುತ್ತಿದ್ದ. ಒಳಗೂ ಬೂಟು ಹಾಕಿಕೊಂಡೇ ಓಡಾಡುತ್ತಿದ್ದ. ಒಂದು ಕ್ರಿಸ್‌ಮಸ್‌ಗೆ ಅವಳು ಕಡುಗೆಂಪು ಬಣ್ಣದ ಉಣ್ಣೆಯ ಚಪ್ಪಲಿ ತಂದುಕೊಟ್ಟಳು. "ಈ ಮನೇಲಿ ಇದನ್ನ ಹಾಕ್ಕೊಂಡ್ರೆ ಬೆರಳು ಉದುರಿ ಹೋಗುತ್ತೆ," ಎಂದು ನಕ್ಕ. ವಾರದೊಳಗೆ ಅದು ಎಲ್ಲೋ ಕಳೆದುಹೋಯಿತು.

ಮಾರ್ಚ್‌ನಲ್ಲಿ ಅವನೂ ಹೋದ, ಬಸ್‌ಸ್ಟಾಪಿನಲ್ಲಿ ನಿಂತಲ್ಲೇ. ಏವ್ರಿಲ್‌ಗೆ ಅಳು ಬರಲಿಲ್ಲ. ಚಳಿಗೆ ಬೆರಳು ಮರಗಟ್ಟಿದಾಗ ಚುಚ್ಚಿದರೂ ತಿಳಿಯುವುದಿಲ್ಲ, ಹಾಗಿತ್ತು. ಈ ಪತ್ರ ಬಂದ ಮೇಲೆ ಒಂದೇ ಒಂದು ಅನುಮಾನ ಮಿಸುಕಾಡಿತ್ತು. ಅವನು ಮೇಲೆ ಏನೂ ಮಾಡದೆ ಸುಮ್ಮನೆ ಮಲಗಿ ಬರುತ್ತಿದ್ದನೇ? ತನಗಾಗಿ ಒಬ್ಬ ಮನುಷ್ಯ ಅಷ್ಟು ಶನಿವಾರ ದುಡಿದದ್ದು ನಿಜವಾದರೆ ಸಾಕು, ಅದನ್ನು ಯಾರಾದರೂ ಕಾಗದದ ಮೇಲೆ ಬರೆದುಕೊಟ್ಟರೆ ಸಾಕು ಎನಿಸಿತ್ತು.

ಬೆಳಿಗ್ಗೆ ಪಕ್ಕದ ಮನೆಯ ನೋರೀನ್‌ಗೆ ಹೇಳಿದ್ದಳು. ನೋರೀನ್ ವಿಧವೆ, ಒಬ್ಬಳೇ ಇರುವವಳು. ನವೆಂಬರಿನಲ್ಲೂ ತುಂಡು ತೋಳಿನ ಅಂಗಿ ತೊಟ್ಟು ಶುಂಠಿ ಕೇಕ್ ಕತ್ತರಿಸುತ್ತಿದ್ದಳು.

"ಬೀಗ ಒಡಿಸ್ತೀಯಾ? ಯಾಕೇ ಈ ರಗಳೆ? ಸ್ವಲ್ಪ ಕಡಿಮೆಗೆ ಕೊಟ್ಟು ಕೈ ತೊಳ್ಕೊಳ್ಳೇ ಮಾರಾಯ್ತಿ."

"ಡೆಸ್ಮಂಡ್ ಅಷ್ಟು ಕಷ್ಟಪಟ್ಟು ಹಾಸಿದ್ದು ಲೆಕ್ಕಕ್ಕೇ ಬರ್ಬಾರ್ದಾ?"

"ಹಾಸಿಲ್ಲ ಅಂದ್ನಾ ನಾನು? ಅವನ ಕೆಲಸ ಯಾವತ್ತಿದ್ರೂ ಚೊಕ್ಕ." ನೋರೀನ್ ಚಾಕುವನ್ನು ಒರೆಸುತ್ತಲೇ ಇದ್ದಳು.

"ನಿನ್ನ ಮನೇಲಿ ಕೂತ್ರೆ ಎದ್ದು ಹೋಗೋಕೇ ಮನಸ್ಸಾಗಲ್ಲ ನೋಡು," ಎಂದಳು ಏವ್ರಿಲ್, ಬೆರಳು ಬಿಡಿಸುತ್ತ.

"ಬಂದೋರೆಲ್ಲ ಹಾಗೇ ಅಂತಾರೆ."

ಬೀಗ ಕಳಚಿ ಬಿತ್ತು. ಇಮ್ತಿಯಾಜ್ ಮೇಲೆ ಹೋದ. ಟಾರ್ಚಿನ ಬೆಳಕು ಆಚೀಚೆ ಓಡಾಡಿತು.

"ಉಣ್ಣೆ ಇದೆಯಾ?" ಏವ್ರಿಲ್ ಕೂಗಿದಳು.

"ಇದೆ ಮೇಡಂ! ಒಂದೂವರೆ ಗೇಣು ದಪ್ಪ. ಎಂಥಾ ಕೆಲಸ ರೀ ಇದು, ಹಾಸಿಗೆ ಹಾಸಿದ ಹಾಗಿದೆ."

ಏವ್ರಿಲ್ ಏಣಿಯ ಮೆಟ್ಟಿಲಿಗೆ ಹಣೆ ಆನಿಸಿದಳು. ಎದೆಯಲ್ಲಿ ಏನೋ ಸಡಿಲವಾಗತೊಡಗಿತು. ಮಲಗಿ ಬರುತ್ತಿರಲಿಲ್ಲ. ಪಾಪ, ದುಡಿಯುತ್ತಿದ್ದ.

"ಹಾಗಾದ್ರೆ ಡಿ ಬರುತ್ತಾ?"

ಟಾರ್ಚಿನ ಬೆಳಕು ದೂರ ಹೋಯಿತು, ಮರಳಿ ಬಂತು. ಇಮ್ತಿಯಾಜ್ ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತ. ಅವಳ ಮುಖ ನೋಡಲಿಲ್ಲ.

"ಇಂಥ ಹಳೇ ಸಾಲುಮನೆಗಳಲ್ಲಿ ಕೆಲವು ಕಡೆ ಅಟ್ಟಕ್ಕೆ ನಡುಗೋಡೆ ಕಟ್ಟಿರಲ್ಲ ಮೇಡಂ. ಮೇಲೆ ಎಲ್ಲ ಒಂದೇ. ಉಣ್ಣೆ ಇರೋದು ಹೊಗೆಗೂಡಿನ ಆಚೆ, ಪಕ್ಕದ ಮನೆ ಮೇಲೆ. ಈಚೆ ಒಂದು ಎಳೆಯೂ ಇಲ್ಲ. ಒಂದು ಸಾಲು ಹಲಗೆ ಹೊಡೆದಿದ್ದಾರೆ, ಅಷ್ಟೇ. ಅವರ ಅಟ್ಟದ ಬಾಗಿಲ ತನಕ."

ಏವ್ರಿಲ್ ಏಣಿ ಬಿಡಲಿಲ್ಲ.

"ಎಫ್ ಅಂತಲೇ ಇರ್ಲಿ ಬಿಡಿ," ಎಂದಳು.

"ಇದು ಆ ಬಾಗಿಲ ಹತ್ರ ಇತ್ತು," ಎಂದು ಅವನು ಬಗ್ಗಿ ಏನನ್ನೋ ಅವಳ ಕೈಗಿತ್ತ.

ಕಡುಗೆಂಪು ಬಣ್ಣದ ಉಣ್ಣೆಯ ಚಪ್ಪಲಿ. ಅಟ್ಟೆ ಸವೆದು ಕಾಗದದಷ್ಟು ತೆಳ್ಳಗಾಗಿತ್ತು.