ಯಾರೂ ಬರಬೇಡಿ

ಯಶೋದಾ ಅಳಿಸಿದ ಸಾಲು ಮತ್ತೆ ಬಂದಿತ್ತು.

‘ಬಾಳೂರು ಮೇಲಿನ ತೋಟದಲ್ಲಿ ಆನೆ ಇದೆ. ಯಾರೂ ಬರಬೇಡಿ.’

ಬೆಳೆಗಾರರ ಸಂಘದ ಆನೆ ಎಚ್ಚರಿಕೆಯ ವೆಬ್‌ಸೈಟ್ ನೋಡಿಕೊಳ್ಳುವವಳು ಅವಳೇ. ಬೆಳಿಗ್ಗೆ ಕೆಲಸದವರು ಜೀಪು ಹತ್ತುವುದು ಅವಳು ಹಾಕಿದ್ದನ್ನು ನೋಡಿಯೇ. ಇವತ್ತು ಅವಳು ಹಾಕಿದ್ದು ‘ಆನೆ ಇಲ್ಲ’ ಎಂದು. ಆನೆಗಳ ಗುಂಪು ನಸುಕಿನಲ್ಲೇ ಹೊಳೆ ದಾಟಿತೆಂದು ಫಾರೆಸ್ಟ್ ವಾಚರ್ ತಿಳಿಸಿದ್ದ.

ಕಂಟ್ರೋಲ್ ಪ್ಯಾನೆಲ್ ತೆರೆದಳು. ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರೇ: ಅವಳು, ಸಂಘದ ಅಧ್ಯಕ್ಷ ಏಕಾಂತಪ್ಪ. ಆದರೆ ಈಗ ಲಾಗಿನ್ ಆಗಿದ್ದ ಫೋನು ಇಬ್ಬರದೂ ಅಲ್ಲ. ಅಲ್ಲಿ ಎಂದೂ ಕಾಣದ ಫೋನು.

ಕಳೆದ ತಿಂಗಳೂ ಯಾರೋ ನುಗ್ಗಿ ಸುಳ್ಳು ಎಚ್ಚರಿಕೆ ಹಾಕಿದ್ದರು. ಕೊಯ್ಲಿನ ದಿನ ತೋಟಕ್ಕೆ ನರಪಿಳ್ಳೆ ಹೋಗಿರಲಿಲ್ಲ. “ಇನ್ನೊಂದ್ಸಲ ಹೀಗಾದ್ರೆ ನಿಜವಾದ ಆನೆ ಬಂದ್ರೂ ಜನ ನಂಬಲ್ಲ ಕಣಮ್ಮ,” ಎಂದಿದ್ದರು ಏಕಾಂತಪ್ಪ.

ಅವರಿಗೆ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಸಾಲು ಅಳಿಸಿದಳು. ಮತ್ತೆ ಬಂತು. ಈ ಸಲ ಅರ್ಧಕ್ಕೇ ನಿಂತಿತ್ತು: ‘ಆನೆ ಇದೆ. ಯಾರೂ’

ಜೀಪಿನ ನಜೀರ್ ಕರೆ ಮಾಡಿದ. “ಏನ್ ಯಶೋದಕ್ಕ, ನಿಮ್ಮಾನೆ ಒಂದ್ಗಳಿಗೆ ಬರ್ತದೆ, ಒಂದ್ಗಳಿಗೆ ಹೋಗ್ತದೆ? ಹೆಂಗಸ್ರೆಲ್ಲ ಹತ್ತಿ ಕೂತಿದ್ದಾರೆ. ಮೇಲಿನ ತೋಟಕ್ಕೆ ಹೋಗ್ಲಾ, ಬೇಡ್ವಾ?”

ಹಿಂದಿನಿಂದ ಪಾಪಮ್ಮನ ದನಿ: “ಆನೆಗೂ ಮೊಬೈಲ್ ಕೊಡ್ಸಿದಾರಾ ಕೇಳು ಮಾರಾಯ!” ಜೀಪು ತುಂಬ ನಗು.

“ಸ್ವಲ್ಪ ತಡೀರಿ ನಜೀರಣ್ಣ.”

ವಾಚರ್‌ನನ್ನು ಮತ್ತೊಮ್ಮೆ ಕೇಳಿದಳು. “ಗುಂಪು ಪೂರ್ತಿ ಆ ಕಡೆಗೇ ಹೋಯ್ತು ಮೇಡಂ. ನಾನೇ ಕಣ್ಣಾರೆ ನೋಡಿದ್ದು.”

ಇನ್ನು ಅನುಮಾನ ಉಳಿಯಲಿಲ್ಲ. ಪಾಸ್‌ವರ್ಡ್ ಬದಲಿಸಿದಳು. ಒಳಗಿದ್ದವರನ್ನೆಲ್ಲ ಹೊರಹಾಕುವ ಗುಂಡಿ ಒತ್ತಿದಳು. ಸಾಲು ಅಳಿಸಿ, ಪರದೆಯನ್ನೇ ನೋಡುತ್ತ ಕಾದಳು. ಅದು ಮತ್ತೆ ಬರಲಿಲ್ಲ.

“ಹೊರಡಿ ನಜೀರಣ್ಣ. ಯಾರೋ ಕಳ್ಳ ನುಗ್ಗಿದ್ದ. ಆಚೆ ಹಾಕ್ದೆ.”

ಜೀಪು ತಿರುವು ದಾಟಿ ನೆಟ್‌ವರ್ಕ್ ಸಿಗದ ದಾರಿ ಹಿಡಿಯುವಷ್ಟರಲ್ಲಿ ಅವಳು ‘ಆನೆ ಇಲ್ಲ’ ಎಂದು ಮತ್ತೆ ಹಾಕಿದ್ದಳು. ಆಗ ಏಕಾಂತಪ್ಪನವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಅವರ ಹೆಂಡತಿ ಗಿರಿಜಾಂಬಾ.

“ಯಶೋದಾ, ಇವ್ರು ಫೋನ್ ಮನೇಲೇ ಬಿಟ್ಟು ಹೋಗಿದ್ದಾರೆ ಕಣಮ್ಮ. ಈಗ ಮೇಸ್ತ್ರಿ ಫೋನಿಂದ ಮೆಸೇಜ್ ಬಂತು. ಮೇಲಿನ ತೋಟದಲ್ಲಿ ಮರ ಹತ್ತಿ ಕೂತಿದ್ದಾರಂತೆ, ಕೆಳಗೆ ಒಂಟಿ ಸಲಗ, ಉಸಿರೆತ್ತೋ ಹಾಗಿಲ್ಲ. ಜನ ಬರ್ದೇ ಇರ್ಲಿ ಅಂತ ಸೈಟಲ್ಲಿ ಎಷ್ಟು ಸಲ ಹಾಕಿದ್ರೂ ಯಾರೋ ಪಾಪಿ ಅಳಿಸ್ತಿದ್ದಾನಂತೆ, ಯಶೋದಾ ನಂಬರ್ ಈ ಫೋನಲ್ಲಿಲ್ಲ, ಬೇಗ ಅವಳಿಗೆ ಹೇಳು ಅಂದಿದ್ದಾರೆ.”