ನರ್ಸೇ ಗೂಢಚಾರಿ

"ಆ ನರ್ಸೇ ಗೂಢಚಾರಿ, ಅಳಿಯಂದ್ರೇ. ಬೇಕಾದ್ರೆ ಬರೆದಿಟ್ಕೊಳ್ಳಿ."

ಬಾಯಿಗೆ ಹೋಗುತ್ತಿದ್ದ ಓಂಕಾರೇಶನ ಟೀ ಲೋಟ ಅಲ್ಲೇ ನಿಂತಿತು. ಟಿ.ವಿ.ಯಲ್ಲಿ ಯುದ್ಧಕಾಲದ ಆಸ್ಪತ್ರೆ. ಹೊರಗೆ ಬಾಂಬಿನ ಸದ್ದು, ಒಳಗೆ ಶತ್ರುಗಳಿಗೆ ಸುದ್ದಿ ಮುಟ್ಟಿಸುವ ದ್ರೋಹಿಗಾಗಿ ಹುಡುಕಾಟ. ಮುಗಿಯಲು ಇನ್ನು ಇಪ್ಪತ್ತೇ ನಿಮಿಷವಿತ್ತು. ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡಿರಲು ಈ ಮಾವನಿಗೇನು ಧಾಡಿ?

ಅವನು ರಿಮೋಟ್ ಒತ್ತಿ ಟಿ.ವಿ. ಆರಿಸಿದ. ಕೊನೆ ಗೊತ್ತಾದ ಗೂಢಚಾರಿ ಸಿನಿಮಾ ಅವನ ಪಾಲಿಗೆ ಎಂಜಲೆಲೆ. ಮತ್ತೆ ಅದರ ಮುಂದೆ ಕೂರುವ ಜಾಯಮಾನ ಅವನದಲ್ಲ. ಮಾವ ಮಲ್ಲಿಕಾರ್ಜುನಯ್ಯ ಮಾತ್ರ ಕಪ್ಪಾದ ಪರದೆಯನ್ನೇ ನೋಡುತ್ತ ಕೂತಿದ್ದರು.

ಹೀಗಾಗಿದ್ದು ಇದು ಐದನೆಯ ಭಾನುವಾರ. ಅಜ್ಜಂಪುರದಲ್ಲಿ ಓಂಕಾರೇಶನದು ಪಂಪ್‌ಸೆಟ್ ರಿಪೇರಿ ಅಂಗಡಿ. ವಾರವೆಲ್ಲ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ, ಗಿರಾಕಿಗಳ ಕೈಲಿ ಬೈಸಿಕೊಂಡು, ತನಗೆಂದು ಉಳಿಯುತ್ತಿದ್ದುದು ಭಾನುವಾರ ಮಧ್ಯಾಹ್ನದ ಎರಡು ಗಂಟೆ. ಒಂದು ಹಳೆಯ ಸಿನಿಮಾ, ಕೊನೆಯಲ್ಲಿ ಒಮ್ಮೆ ಬೆಚ್ಚಿಬೀಳುವ ಸುಖ. ಆ ಸುಖಕ್ಕೇ ಮಾವ ಕಲ್ಲು ಹಾಕುತ್ತಿದ್ದರು. ಹೋದ ವಾರ ಪಾದ್ರಿ, ಅದರ ಹಿಂದಿನ ವಾರ ಕರ್ನಲ್‌ನ ಹೆಂಡತಿ.

"ಅಪ್ಪ ಟಾಕೀಸಲ್ಲೇ ಜೀವ ತೇದೋರು ಕಣ್ರೀ. ಬಾಯಿ ತಡೆಯಲ್ಲ," ಎಂದಳು ಹೆಂಡತಿ ಪಂಕಜಾಕ್ಷಿ.

ಅದು ನಿಜವೇ. ಆಗೆಲ್ಲ ಕಡೂರು, ಬೀರೂರು ಎರಡೂ ಊರಿನ ಟಾಕೀಸಿಗೆ ಒಂದೇ ಪ್ರಿಂಟ್. ಕಡೂರಿನಲ್ಲಿ ಓಡಿದ ರೀಲನ್ನು ಸೈಕಲ್ಲಿಗೆ ಕಟ್ಟಿ, ಸ್ವಲ್ಪ ತಡವಾಗಿ ಶುರುವಾಗುವ ಬೀರೂರಿನ ಆಟಕ್ಕೆ ಮುಟ್ಟಿಸಬೇಕು. ಅಲ್ಲಿ ಮುಗಿದದ್ದನ್ನು ಕಡೂರಿನ ಮುಂದಿನ ಆಟಕ್ಕೆ ವಾಪಸ್ ತರಬೇಕು. ಮೂವತ್ತು ವರ್ಷ ಮಲ್ಲಿಕಾರ್ಜುನಯ್ಯ ತುಳಿದದ್ದು ಅದೇ ದಾರಿ. ಒಂದೊಂದು ಪಿಕ್ಚರನ್ನೂ ಎರಡೆರಡು ಊರಲ್ಲಿ ಪುಕ್ಕಟೆ ನೋಡಿರಬೇಕಲ್ಲ ಎಂದು ನೆನೆದೇ ಓಂಕಾರೇಶನಿಗೆ ಹೊಟ್ಟೆ ಉರಿಯುತ್ತಿತ್ತು.

"ನೋಡಿದ್ದನ್ನ ಹೊಟ್ಟೇಲಿ ಇಟ್ಕೋಬೇಕಪ್ಪ! ಇನ್ನೊಂದ್ಸಲ ಬಾಯಿ ಬಿಟ್ರೆ ಸೋಮವಾರವೇ ತರೀಕೆರೆ ಬಸ್ ಹತ್ತಿಸ್ತೀನಿ. ನಿನ್ನ ತಮ್ಮನ ಮನೇಲಿ ಇರ್ಲಿ. ಹೇಳ್ಬಿಡು ಕಣೇ."

ಪಂಕಜಾಕ್ಷಿಯ ಕಣ್ಣು ತುಂಬಿತು. ತಮ್ಮ ಆನಂದ್‌ನ ಮನೆಯಲ್ಲಿ ಅಪ್ಪನನ್ನು ಮಾತಾಡಿಸುವವರೇ ಇಲ್ಲ. ಅಲ್ಲಿ ಟಿ.ವಿ. ಇರುವುದೂ ಸೊಸೆಯ ಕೋಣೆಯಲ್ಲಿ. ಅವಳು ಹೋಗಿ ಹೇಳಿದಳು. ಮುದುಕರು ಆಗಲಿ ಎಂದು ತಲೆಯಾಡಿಸಿದರು.

ಮುಂದಿನ ಭಾನುವಾರ ಮಾವ ನಿಜಕ್ಕೂ ತುಟಿ ಬಿಚ್ಚಲಿಲ್ಲ. ಟವೆಲಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದರು. ಬಂದರಿನ ಹಡಗುಗಳು ಒಂದೊಂದಾಗಿ ಮುಳುಗುತ್ತಿದ್ದವು. ಸುದ್ದಿ ಕೊಡುತ್ತಿರುವವನು ಡಾಕ್ಟರೋ, ಅಡುಗೆಯವನೋ, ಖುದ್ದು ಕ್ಯಾಪ್ಟನ್ನೋ ತಿಳಿಯುತ್ತಿರಲಿಲ್ಲ. ಒಂದೂವರೆ ಗಂಟೆ ಕಳೆಯಿತು. ಓಂಕಾರೇಶ ಕುರ್ಚಿಯ ತುದಿಗೆ ಸರಿದ. ಇವತ್ತು ದಕ್ಕಿತು ಅನ್ನಿಸಿತು.

ಟವೆಲು ಬಾಯಿಂದ ಜಾರಿತು.

"ಆ ಡಾಕ್ಟರೇ ಕಣ್ರೀ!"

ಓಂಕಾರೇಶ ಧಡಕ್ಕನೆ ಎದ್ದ. "ನಿಮಗೆ ನನ್ನ ಮೇಲೆ ಯಾವ ಜನ್ಮದ ಹಗೆ, ಮಾವ? ಪಂಕಜಾ, ಇವರ ಬಟ್ಟೆ ಕಟ್ಟು!" ಎಂದು ಕೂಗುತ್ತ ರಿಮೋಟ್ ಎತ್ತಿಕೊಂಡ.

ಮಲ್ಲಿಕಾರ್ಜುನಯ್ಯ ಎಂದೂ ಇಲ್ಲದಂತೆ ಅಳಿಯನ ಮಣಿಕಟ್ಟು ಹಿಡಿದರು.

"ನಾಳೆ ತರೀಕೆರೆಗೆ ಕಳಿಸಿ, ಹೋಗ್ತೀನಿ. ಇವತ್ತೊಂದಿನ ಆರಿಸ್ಬೇಡಿ ಅಳಿಯಂದ್ರೇ. ಕೊನೇ ರೀಲು ಕಡೂರಲ್ಲಿ ಓಡುವಾಗ ಅದರ ಹಿಂದಿಂದು ಬೀರೂರಿಗೆ ಕೊಡೋಕೆ ಹೋಗಿರ್ತಿದ್ದೆ. ಅದು ಬೀರೂರಲ್ಲಿ ಓಡುವಾಗ ಮುಂದಿನ ಆಟಕ್ಕೆ ಮೊದಲ್ನೇ ರೀಲು ಕಟ್ಕೊಂಡು ಕಡೂರಿಗೆ ವಾಪಸ್ ಬರ್ತಿದ್ದೆ."

ಅವರ ಕಣ್ಣು ಪರದೆಯಿಂದ ಕದಲಲಿಲ್ಲ.

"ಮೂವತ್ತು ವರ್ಷದಲ್ಲಿ ಒಂದು ಪಿಕ್ಚರಿನ ಕೊನೇನೂ ನೋಡಿಲ್ಲ ಕಣ್ರೀ. ನಾನು ಊಹಿಸಿದ್ದು ಸರಿಯೋ ತಪ್ಪೋ, ಇವತ್ತಾದ್ರೂ ಗೊತ್ತಾಗ್ಲಿ."