ತಾತನ ದೋಣಿಗೆ ಹೊಡೆದ ಕಂಚಿನ ಫಲಕ

ಹುಣಸೆಹಣ್ಣಿನಿಂದ ಉಜ್ಜಿದ ಕಂಚಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ತಾತ ತೀರಿಕೊಂಡ ತಿಂಗಳಿಗೇ ಅಮ್ಮನ ತಮ್ಮ, ನನ್ನ ಮಾವ, ತಾತನ ದೋಣಿಯ ಮೇಲಿದ್ದ ಹೆಸರಿಗೆ ಬಣ್ಣ ಬಳಿದು ತನ್ನ ಹೆಸರು ಬರೆಸಿದ್ದ. ಅಮ್ಮ ಜಗಳವಾಡಲಿಲ್ಲ. ನನ್ನನ್ನು ಕರೆದುಕೊಂಡು ಚಿಂತಾಮಣಿಗೆ ಹೋಗಿ, ಪಾತ್ರೆಗಳಿಗೆ ಹೆಸರು ಕೊರೆಯುವ ಸಾಬರ ಮುಂದೆ ಕಂಚಿನ ತಗಡು ಇಟ್ಟಳು.

"ನಮ್ಮಪ್ಪನ ಹೆಸರು. ಆಳವಾಗಿ ಕೊರೀರಿ ಸಾಬ್ರೇ, ಬಣ್ಣ ಬಳಿದ್ರೂ ಕಾಣ್ಬೇಕು."

ಅವರು ಕೊರೆದು, ಹುಣಸೆಹಣ್ಣು ಹಾಕಿ ಉಜ್ಜಿ ಕೊಟ್ಟರು. ನಾವು ನೇರ ಕೆರೆಗೆ ಬಂದೆವು. ದೋಣಿಯ ಹತ್ತಿರವಿದ್ದ ಮಾವನಿಗೆ ಅಮ್ಮ ಫಲಕ ಕೊಟ್ಟು, "ಹಿಡ್ಕೊಳಪ್ಪ, ಮೊಳೆ ಹೊಡೀತೀನಿ" ಅಂದಳು. ಊರವರೆದುರು ಒಲ್ಲೆ ಎನ್ನಲಾರದೆ ಅವನು ಹಿಡಿದುಕೊಂಡ.

ಮೂರನೆಯ ಏಟು ಅವನ ಹೆಬ್ಬೆರಳಿಗೆ ಬಿತ್ತು. ಅಮ್ಮನ ಸುತ್ತಿಗೆ ಗುರಿ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.